ಅಣ್ಣನ ಕ್ಲೋಜಪಿನ್, ನನ್ನ ಅಡಿಕೆ ಲೆಕ್ಕದ ಪುಸ್ತಕ

ಮೊನ್ನೆ ಅಣ್ಣ ಅಡಿಕೆ ಸುಲಿಯಲು ಕೂತವನು ಎರಡು ಗಂಟೆ ಏಳದೆ ಸುಲಿದ. "ರಕ್ತ ಕೆಡಿಸುವ ಮಾತ್ರೆ ಕೊಡ್ತೀಯಲ್ಲ" ಎಂದು ನನ್ನನ್ನು ಬೈದಿದ್ದ ಮಾವ ಪಕ್ಕದಲ್ಲೇ ಇದ್ದರು. ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನಿಗೆ ಮನಸ್ಸಿನ ಕಾಯಿಲೆ, ಯಾರೂ ಇಲ್ಲದಾಗಲೂ ಕಿವಿಯಲ್ಲಿ ಮಾತು ಕೇಳುತ್ತಿತ್ತು. ಕ್ಲೋಜಪಿನ್ ಅದಕ್ಕೆ ಕೊಡುವ ಮಾತ್ರೆ.

ಮೊದಲು ಕೊಟ್ಟ ಹ್ಯಾಲೊಪೆರಿಡಾಲ್‌ನಲ್ಲಿ ಅಣ್ಣನ ಕೈಕಾಲು ಮರದಂತೆ ಬಿಗಿದಿತ್ತು. ಒಲಾಂಜಪಿನ್‌ನಲ್ಲಿ ವರ್ಷದೊಳಗೆ ಹದಿನಾಲ್ಕೋ ಹದಿನೈದೋ ಕಿಲೋ ಏರಿದ, ಕಿವಿಯ ಮಾತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಮಂಗಳೂರಿನ ಡಾಕ್ಟರು ಕ್ಲೋಜಪಿನ್ ಬರೆದರು. 12.5 ಮಿಲಿಗ್ರಾಂನಿಂದ ಶುರು. ಈ ಮಾತ್ರೆಯಿಂದ ಕೆಲವರಿಗೆ ಬಿಳಿ ರಕ್ತಕಣ ಇಳಿಯುತ್ತದೆ, ಅದಕ್ಕೇ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ. ಬದಿಯಡ್ಕದಲ್ಲಿ ಸಲಕ್ಕೆ ಸುಮಾರು 250 ರೂಪಾಯಿ, ಅಲ್ಲಿಗೆ ನಾಲ್ಕೂವರೆ ಸಾವಿರ. ಸೂಜಿ ಕಂಡರೆ ತೋಟಕ್ಕೆ ಓಡುವವನನ್ನು ಹೇಗೆ ಒಪ್ಪಿಸಿದೆ ಅಂತ ಇಲ್ಲಿ ಹೇಳುವುದಿಲ್ಲ. ಅವನೂ ಇದನ್ನು ಓದುತ್ತಾನೆ.

ಬಿಳಿ ರಕ್ತಕಣ ಒಂದು ಸಲವೂ ಇಳಿಯಲಿಲ್ಲ. ಪೆಟ್ಟು ಬಿದ್ದದ್ದು ಹೊಟ್ಟೆಗೆ. ಒಂಬತ್ತನೇ ವಾರವಿರಬೇಕು, ಐದು ದಿನ ಅವನು ಕಕ್ಕಸಿಗೇ ಹೋಗಿರಲಿಲ್ಲ. ನಾನು ಕೇಳಿರಲೂ ಇಲ್ಲ. ರಾತ್ರಿ ಹೊಟ್ಟೆ ಉಬ್ಬಿ ವಾಂತಿ. ಜೀಪಿನ ಬಾಡಿಗೆ, ಆಸ್ಪತ್ರೆ ಎಲ್ಲ ಸೇರಿ 20 ಸಾವಿರದ ಹತ್ತಿರ ಹೋಯಿತು. ಕ್ಲೋಜಪಿನ್ ಕರುಳನ್ನು ನಿಧಾನ ಮಾಡುತ್ತದೆ, ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಸಾಲದ್ದಕ್ಕೆ ಕೈ ನಡುಕಕ್ಕೆ ಹಿಂದೆ ಕೊಟ್ಟಿದ್ದ ಟ್ರೈಹೆಕ್ಸಿಫೆನಿಡಿಲ್ ಡಬ್ಬಿಯಲ್ಲೇ ಉಳಿದಿತ್ತು. ನಾನು ದಿನಾ ಕೊಡುತ್ತಲೇ ಇದ್ದೆ, ಡಾಕ್ಟರಿಗೆ ಹೇಳಿರಲಿಲ್ಲ. ಅದೂ ಮಲ ಕಟ್ಟುತ್ತದೆ. ಎಲ್ಲರೂ ರಕ್ತ ರಕ್ತ ಅಂತ ಹೆದರಿಸಿದರು, ಕಕ್ಕಸಿನ ಸುದ್ದಿ ಯಾರೂ ಎತ್ತಲಿಲ್ಲ.

ಅಂದಿನಿಂದ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮೂರು ಕಾಲಂ: ಮಾತ್ರೆ, ಹೊಟ್ಟೆ, ಬೀಡಿ. ಹೊಟ್ಟೆಯ ಕಾಲಂ ಎರಡು ದಿನ ಖಾಲಿ ಇದ್ದರೆ ಡಾಕ್ಟರಿಗೆ ಫೋನು. ಬಸಳೆ, ಪಪ್ಪಾಯಿ, ಬಿಸಿನೀರು ಎಲ್ಲ ನೋಡಿದೆ. ಡಾಕ್ಟರು ಬರೆದ, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಇಲ್ಲದೆ ನಡೆಯಲಿಲ್ಲ.

ಬೀಡಿ ಯಾಕೆ ಅಂತೀರಾ? ಅಮ್ಮ ಹಟ ಹಿಡಿದು ಬಿಡಿಸಿದರು. ವಾರದಲ್ಲಿ ಅಣ್ಣ ಹಗಲೂ ತೂಕಡಿಸತೊಡಗಿದ. ಬೀಡಿಯ ಹೊಗೆ ಲಿವರಿನಲ್ಲಿ ಈ ಮಾತ್ರೆಯನ್ನು ಬೇಗ ಖರ್ಚು ಮಾಡಿಸುತ್ತದೆ. ಸೇದುವುದು ನಿಂತರೆ ಅದೇ ಡೋಸು ಮೈಗೆ ಜಾಸ್ತಿಯಾಗುತ್ತದೆ. ಪುಸ್ತಕ ತೋರಿಸಿದೆ, ಡಾಕ್ಟರು 350 ಇದ್ದದ್ದನ್ನು 250ಕ್ಕೆ ಇಳಿಸಿದರು. "ಇಷ್ಟು ಲೆಕ್ಕ ಯಾರೂ ತರುವುದಿಲ್ಲ" ಅಂದರು. ಸುಮ್ನೆ ಅಂದದ್ದಲ್ಲ ಅಂತ ನನ್ನ ನಂಬಿಕೆ.

ಈ ಮಾತ್ರೆಯಿಂದ ರಾತ್ರಿ ಸುರಿಯುವ ಜೊಲ್ಲಿಗೆ ಮಾತ್ರ ನನ್ನ ಬುದ್ಧಿ ಓಡಲಿಲ್ಲ. ಮಲಗುವ ಮೊದಲು ಲವಂಗ ಬಾಯಲ್ಲಿಡಿಸಿದೆ, ಇನ್ನೂ ಹೆಚ್ಚಾಯಿತು. ಈಗ ದಿಂಬಿನ ಮೇಲೆ ಬೈರಾಸು ಹಾಸುತ್ತೇವೆ, ಬೆಳಿಗ್ಗೆ ಅವನೇ ಒಗೆದು ಅಂಗಳದಲ್ಲಿ ಹರವುತ್ತಾನೆ.