‘ಬೆಳವಣಿಗೆ’: ಎಲ್ಲಿ ಬರೆಯಬೇಕು, ಎಲ್ಲಿ ಬಿಡಬೇಕು

ಬೆಳವಣಿಗೆ ಎಂದರೆ ದಿನದಿನಕ್ಕೆ, ಸ್ವಲ್ಪಸ್ವಲ್ಪವಾಗಿ ಆಗುವಂಥದ್ದು. ಮಗುವಿನ ಬೆಳವಣಿಗೆ, ಬೇರಿನ ಬೆಳವಣಿಗೆ, ಭಾಷೆಯ ಬೆಳವಣಿಗೆ ಎಲ್ಲವೂ ಸರಿ. ಪೆಟ್ರೋಲ್ ಬೆಲೆ ರಾತ್ರೋರಾತ್ರಿ ಎರಡು ರೂಪಾಯಿ ಜಾಸ್ತಿಯಾದರೆ ಅದು ಏರಿಕೆ. ಅಲ್ಲಿ ಈ ಪದಕ್ಕೆ ಕೆಲಸವಿಲ್ಲ.

ಮೂಲ ಧಾತು ‘ಬೆಳೆ’, ಅಚ್ಚ ದ್ರಾವಿಡ. ತಮಿಳಿನಲ್ಲಿ ಇದರ ಸೋದರ ರೂಪ ‘ವಿಳೈ’. ಪದದ ಮೊದಲಲ್ಲಿ ತಮಿಳಿಗೆ ‘ವಿ’ ಇರುವ ಹಲವು ಕಡೆ ಕನ್ನಡಕ್ಕೆ ‘ಬೆ’ ಇದೆ: ವಿರಲ್–ಬೆರಳು, ವಿಲೈ–ಬೆಲೆ, ವಿಳೈ–ಬೆಳೆ. ತಮಿಳಿನಿಂದ ಕನ್ನಡಕ್ಕೆ ಬಂದವು ಎಂದಲ್ಲ, ಎರಡೂ ಒಂದೇ ಬಳ್ಳಿಯ ಕಾಯಿಗಳು. ಬೆಲೆ ಮತ್ತು ಬೆಳೆಯ ನಡುವಿನ ಲ–ಳ ವ್ಯತ್ಯಾಸ ಅಲ್ಲೂ ಹಾಗೇ ಉಳಿದಿರುವುದನ್ನು ಗಮನಿಸಿ. ‘ಬೆಲವಣಿಗೆ’ ಎಂದು ಬರೆಯುವವರು ಈ ಹಳೆಯ ಗಡಿಯನ್ನೇ ಅಳಿಸುತ್ತಾರೆ.

ಈ ಧಾತುವಿಗೆ ‘ವಣಿಗೆ’ ಸೇರಿದಾಗ ಕೊನೆಯ ಎಕಾರ ಅಕಾರವಾಗುತ್ತದೆ. ಬರೆ–ಬರವಣಿಗೆ, ಮೆರೆ–ಮೆರವಣಿಗೆ, ಬೆಳೆ–ಬೆಳವಣಿಗೆ. ಕಾಗುಣಿತದಲ್ಲಿ ಅನುಮಾನ ಬಂದಾಗ ಮೆರವಣಿಗೆಯನ್ನು ನೆನೆದರೆ ಸಾಕು: ‘ಮೆರೆವಣಿಗೆ’ ಕಣ್ಣಿಗೆ ಚುಚ್ಚುವ ಹಾಗೆಯೇ ‘ಬೆಳೆವಣಿಗೆ’, ‘ಬೆಳವಣೆಗೆ’ ಕೂಡ ಚುಚ್ಚಬೇಕು.

ಬಳಸುವ ಮುನ್ನ ಒಂದು ಪರೀಕ್ಷೆ ಮಾಡಿ. ನಾಮಪದ ತೆಗೆದು ಕ್ರಿಯಾಪದ ಇಟ್ಟು ನೋಡಿ. ‘ಗಿಡ ಉತ್ತಮ ಬೆಳವಣಿಗೆಯನ್ನು ಹೊಂದಿದೆ’ ಎಂಬುದು ‘ಗಿಡ ಚೆನ್ನಾಗಿ ಬೆಳೆದಿದೆ’ ಎಂದು ಮುಗಿಯುವುದಾದರೆ ಹಾಗೇ ಮುಗಿಸಿ. ‘ಬೆಳವಣಿಗೆ ಕುಂಠಿತವಾಗಿದೆ’, ‘ಬೆಳವಣಿಗೆಯ ಹಂತ’ ಎಂಬಂಥ ಕಡೆ ಮಾತ್ರ ನಾಮಪದ ನಿಜವಾಗಿ ಬೇಕು.

ಬಹುವಚನದಲ್ಲಿ ಅರ್ಥವೇ ತಿರುಗುತ್ತದೆ. ‘ಪಕ್ಷದ ಬೆಳವಣಿಗೆ’ ಅಂದರೆ ಪಕ್ಷ ಬೆಳೆದದ್ದು. ‘ಪಕ್ಷದೊಳಗಿನ ಬೆಳವಣಿಗೆಗಳು’ ಅಂದರೆ ಅಲ್ಲಿ ನಡೆದ ಘಟನೆಗಳು, ಬಹುಮಟ್ಟಿಗೆ ಜಗಳ. ಈ ಎರಡನೆಯದು ಸುದ್ದಿಮನೆಯ ಬಳಕೆ. ಸುದ್ದಿಗೆ ಸರಿ, ಜೀವಶಾಸ್ತ್ರದ ಪಾಠಕ್ಕೆ ಬೇಡ. ಕುತ್ತಿಗೆಯಲ್ಲಿ ಊದಿಕೊಂಡದ್ದನ್ನು ‘ಒಂದು ಬೆಳವಣಿಗೆ’ ಎನ್ನುವುದಂತೂ ಕನ್ನಡವೇ ಅಲ್ಲ. ಅದು ಗಂಟು ಅಥವಾ ಗಡ್ಡೆ.

ಕ್ರಿಯಾಪದದಲ್ಲೂ ಎಡವುವ ಜಾಗವಿದೆ. ರಾಗಿ ಬೆಳೆಯಿತು, ರೈತ ರಾಗಿ ಬೆಳೆದ: ಫಸಲಿನ ಮಾತಿನಲ್ಲಿ ‘ಬೆಳೆ’ ಎರಡೂ ಕಡೆ ನಡೆಯುತ್ತದೆ. ಗಡ್ಡ, ಮಕ್ಕಳು, ಸ್ನೇಹ, ನಂಟು ಇವುಗಳಿಗೆ ‘ಬೆಳೆಸು’ ಬೇಕು. ‘ಊರಿಗೆ ಪ್ರಯಾಣ ಬೆಳೆಸಿದರು’ ಎಂಬಲ್ಲಿ ಬೆಳವಣಿಗೆಯ ಅರ್ಥವೇ ಇಲ್ಲ, ಹೊರಟರು ಅಷ್ಟೇ. ಇನ್ನು ‘ನನ್ನ ಹತ್ತಿರ ನಿನ್ನ ಬೆಳೆ ಬೇಯಲ್ಲ’ ಎಂದು ಬರೆದವರು ಹೊಲವನ್ನೇ ಒಲೆಗೆ ಹಾಕಿದಂತಾಯಿತು. ಬೇಯಬೇಕಾದ್ದು ಬೇಳೆ.

ನೆರೆಹೊರೆಯ ಪದಗಳಲ್ಲಿ ಹೆಚ್ಚು ಗೊಂದಲ ‘ಅಭಿವೃದ್ಧಿ’ಯದ್ದು. ಬೆಳವಣಿಗೆ ತಾನಾಗಿ ಆಗುವುದು, ಅಭಿವೃದ್ಧಿ ಸಾಮಾನ್ಯವಾಗಿ ಯಾರೋ ಮಾಡುವುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲಿ ಶುರುವಾಯಿತು. ಬೆಂಗಳೂರಿನ ಬೆಳವಣಿಗೆ ಅದಕ್ಕೂ ಎಷ್ಟೋ ಮೊದಲಿನದು. ಅಭಿವೃದ್ಧಿಯ ಮೂಲ ಸಂಸ್ಕೃತದ ‘ವೃಧ್’ ಧಾತು. ಅದಕ್ಕೆ ‘ತಿ’ ಸೇರಿ ವೃದ್ಧಿ. ಆದ್ದರಿಂದ ದ ಕೆಳಗೆ ಮಹಾಪ್ರಾಣ ಧ ಬರಲೇಬೇಕು, ‘ಅಭಿವೃದ್ದಿ’ ತಪ್ಪು. ಬೆಳೆದು ಹಣ್ಣಾದವರು ವೃದ್ಧರು. ಸಾಲದ ಮೇಲೆ ಬೆಳೆಯುವ ಬಡ್ಡಿಯೂ ಇದೇ ವೃದ್ಧಿಯ ತದ್ಭವ. ಅದೊಂದು ಮಾತ್ರ ಯಾರೂ ನೀರೆರೆಯದಿದ್ದರೂ ಬೆಳೆಯುತ್ತದೆ.

ಉಳಿದವು ಸುಲಭ. ‘ಏಳಿಗೆ’ ಏಳು ಧಾತುವಿನದು, ಮನೆತನಕ್ಕೆ, ನಾಡಿಗೆ ಒಪ್ಪುತ್ತದೆ. ‘ಪ್ರಗತಿ’ ಮುಂದೆ ಹೋಗುವುದು, ಕಾಮಗಾರಿಗೆ ಸರಿ. ‘ವಿಕಾಸ’ಕ್ಕೆ ಅರಳುವುದು ಮೂಲಾರ್ಥ, ವಿಜ್ಞಾನದಲ್ಲಿ ಜೀವವಿಕಾಸ ಎಂದು ಗಟ್ಟಿಯಾಗಿದೆ, ಅಲ್ಲಿ ಬೆಳವಣಿಗೆ ಎಂದು ಬದಲಿಸಬೇಡಿ.

ಮೆಲ್ಲಗೆ ಆದದ್ದನ್ನು ಒತ್ತಿ ಹೇಳಲು ‘ಕ್ರಮೇಣ’ ಸೇರಿಸುವುದುಂಟು. ಅದು ಸಂಸ್ಕೃತದ ತೃತೀಯಾ ವಿಭಕ್ತಿಯ ರೂಪ, ‘ಕ್ರಮದಿಂದ’ ಎಂದೇ ಅರ್ಥ. ಹಾಗಾಗಿ ‘ಕ್ರಮೇಣವಾಗಿ’ ಎಂದು ಬಾಲ ಹಚ್ಚಬೇಕಿಲ್ಲ. ಹಿಂದಿನ ರಕಾರದಿಂದಾಗಿ ಬಂದ ಣಕಾರವನ್ನೂ ಬಿಡಬಾರದು. ಆಡುಮಾತಿಗೆ ಹತ್ತಿರವಿರಬೇಕೆಂದರೆ ‘ಬರಬರುತ್ತಾ’ ಚೆನ್ನ. ಲೆಕ್ಕಪತ್ರದಲ್ಲಿ ಅಂಕಿ ಕೆಳಗಿಳಿದಾಗ ಬರೆಯುವ ‘ಋಣಾತ್ಮಕ ಬೆಳವಣಿಗೆ’ಗೆ ಕನ್ನಡದಲ್ಲಿ ಒಂದೇ ಪದ ಸಾಕು: ಕುಸಿತ.