ಸಂತೆಯ ಕೋಟು, ಅಪ್ಪನ ಪಂಚೆ: ಮಗನಿಗೆ ಸರ್ ಎಂ.ವಿ. ವೇಷ ಹೊಲಿದಿದ್ದು

ಸೆಪ್ಟೆಂಬರ್ 15 ಬಂತು ಅಂದರೆ ನಮ್ಮ ಮಂಡ್ಯದ ಯಾವುದಾದರೂ ಶಾಲೆಯಲ್ಲಿ ಒಬ್ಬ ಪುಟ್ಟ ವಿಶ್ವೇಶ್ವರಯ್ಯ ಇದ್ದೇ ಇರುತ್ತಾನೆ. ಕಳೆದ ಸಲ ಅದು ನನ್ನ ಮಗ. ನಾಲ್ಕನೇ ಕ್ಲಾಸು, ಒಂಬತ್ತು ವರ್ಷ.

ಅದಕ್ಕೂ ಹಿಂದಿನ ವರ್ಷ ಬೇರೊಂದು ವೇಷಕ್ಕೆ ಬಟ್ಟೆ ಬಾಡಿಗೆಗೆ ತಂದಿದ್ದೆ. ಬೆವರು ವಾಸನೆ, ಬೆನ್ನ ಹಿಂದೆ ಆರು ಪಿನ್ನು. ಮಗು ಹೇಳಬೇಕಾದ ಮಾತು ಬಿಟ್ಟು ಸೊಂಟ ಹಿಡಿದುಕೊಂಡು ನಿಂತಿತ್ತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮುಂದೆ ನಾನೇ ಹೊಲಿಯುತ್ತೇನೆ, ಅದೂ ಹಳೆ ಬಟ್ಟೆಯಲ್ಲೇ. ನಾನು ಮನೆಯಲ್ಲಿ ಬ್ಲೌಸ್, ಚೂಡಿದಾರ ಹೊಲಿಯುವವಳು. ಕೋಟಿಗೆ ಕೈ ಹಾಕಿದ್ದು ಇದೇ ಮೊದಲು.

ಕೋಟು, ಟೈ, ಪೇಟ, ಇಷ್ಟೇ ಅಲ್ವಾ ಅಂತ ಅನ್ನಿಸುತ್ತದೆ. ಆದರೆ ಸರ್ ಎಂ.ವಿ. ಅವರ ಯಾವ ಫೋಟೊ ನೋಡಿದರೂ ಬಟ್ಟೆ ಎಷ್ಟು ಶಿಸ್ತಾಗಿರುತ್ತದೆ ನೋಡಿ. ದೊಗಳೆ ಕೋಟು ಹಾಕಿಸಿದರೆ ಅದು ಅವರ ವೇಷ ಆಗುವುದೇ ಇಲ್ಲ. ಹಾಗಾಗಿ ನಾನು ಬಣ್ಣ ಹುಡುಕಲಿಲ್ಲ, ಭುಜ ಹುಡುಕಿದೆ. ಕೋಟಿನ ಉದ್ದ ಕಮ್ಮಿ ಮಾಡಬಹುದು, ಪಕ್ಕದ ಹೊಲಿಗೆ ಹಿಡಿಯಬಹುದು, ಆದರೆ ಭುಜದ ಒಳಗೆ ಪ್ಯಾಡು, ಗಟ್ಟಿ ಬಟ್ಟೆ ಎಲ್ಲ ಇರುತ್ತದೆ, ಅದನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುವುದು ನನ್ನಂಥವರಿಗೆ ಕಷ್ಟ.

ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಹಳೆ ಬಟ್ಟೆಗಳಲ್ಲಿ ಒಂದು ಕಪ್ಪು ಕೋಟು ಸಿಕ್ಕಿತು. 150 ರೂಪಾಯಿ. ಟೇಪು ಹಿಡಿದು ನೋಡಿದೆ, ಭುಜ 14 ಇಂಚು. ಮಗನದು 13. ಅಷ್ಟು ವ್ಯತ್ಯಾಸ ನಡೆಯುತ್ತದೆ. ಮನೆಗೆ ತಂದಮೇಲೆ ಗೊತ್ತಾಯಿತು, ಅದು ಹೆಂಗಸರ ಕೋಟು. ಹೆಂಗಸರ ಕೋಟಿನಲ್ಲಿ ಬಲಗಡೆ ಪಟ್ಟಿ ಮೇಲೆ ಬರುತ್ತದೆ, ಗಂಡಸರದರಲ್ಲಿ ಎಡಗಡೆಯದು. ಕಾಜಾ ಮುಚ್ಚಿ ಹೊಸದಾಗಿ ಮಾಡಬೇಕಲ್ಲ ಅಂತ ಒಂದು ಸಂಜೆಯೆಲ್ಲ ಯೋಚಿಸಿದೆ. ಆಮೇಲೆ ಹೊಳೆಯಿತು: ಗುಂಡಿ ಇರುವುದೇ ಎಡಗಡೆ. ಎಡಪಟ್ಟಿಯನ್ನು ಸುಮ್ನೆ ಮೇಲೆ ತಂದರೆ ಗುಂಡಿ ಮೇಲೆ ಕಾಣುತ್ತದೆ, ಕಾಜಾ ಅಡಿಯಲ್ಲಿ ಅಡಗಿಹೋಗುತ್ತದೆ. ಒಳಗಿನಿಂದ ಎರಡು ಟಿಚ್ ಬಟನ್ ಹಾಕಿದೆ. ಒಂದು ಕತ್ತರಿ ಪೆಟ್ಟೂ ಬೀಳಲಿಲ್ಲ.

ಎದೆಯ ಹತ್ತಿರ ಡಾಟ್, ಅಂದರೆ ಮೈಗೆ ಕೂರಲು ಹಿಡಿದ ಮಡಿಕೆ ಹೊಲಿಗೆ, ಇತ್ತು. ಅದನ್ನು ಬಿಚ್ಚಿದರೆ ಗೆರೆ ಉಳಿದುಬಿಡುತ್ತದೆ. ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಗೆರೆಯ ಮೇಲಿಟ್ಟು ಇಸ್ತ್ರಿ ಒತ್ತಿದೆ. ಎರಡು ಮೂರು ಸಲ ಮಾಡಿದಾಗ ಗೆರೆ ಹೋಯಿತು. ಮೊದಲು ಒಳಗಡೆ ಒಂದು ಮೂಲೆಯಲ್ಲಿ ಮಾಡಿ ನೋಡಿ, ಬಣ್ಣ ಬಿಡಬಹುದು. ಕೋಟನ್ನು ಮಾತ್ರ ಬಕೆಟ್ಟಿನಲ್ಲಿ ನೆನೆಸಬೇಡಿ. ಒಳಗೆ ಅಂಟಿಸಿದ ಗಟ್ಟಿ ಬಟ್ಟೆ ಕಿತ್ತುಕೊಂಡು ಮುಂಭಾಗ ಗುಳ್ಳೆಗುಳ್ಳೆ ಆಗುತ್ತದೆ. ಒಳಮೈ ಹೊರಗೆ ಮಾಡಿ ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ವಾಸನೆ ಹೋಯಿತು.

ಪ್ಯಾಂಟು ಅಣ್ಣನ ಮಗನ ಹಳೆ ಯೂನಿಫಾರ್ಮು, ಸೊಂಟಕ್ಕೆ ಎಲಾಸ್ಟಿಕ್. ಶರ್ಟು ಶಾಲೆಯದೇ, ಕಾಲರಿಗೆ ಅನ್ನದ ಗಂಜಿ. ಟೈ ನನ್ನ ಹರಿದ ರೇಷ್ಮೆ ಸೀರೆಯಿಂದ. ಅದನ್ನು ಓರೆಯಾಗಿ ಕತ್ತರಿಸಬೇಕು, ನೇರ ಕತ್ತರಿಸಿದರೆ ತಿರುಚಿಕೊಳ್ಳುತ್ತದೆ.

ಜಾಸ್ತಿ ದಿನ ಹಿಡಿದದ್ದು ಪೇಟ. ಮೊದಲು ಸ್ಟೀಲ್ ಬೋಗುಣಿ ಬೋರಲು ಹಾಕಿ, ಪೇಪರ್ ಚೂರನ್ನು ಮೈದಾ ಅಂಟಿನಲ್ಲಿ ಮೆತ್ತಿ ಅಚ್ಚು ಮಾಡಿದೆ. ಆ ವಾರ ಪೂರ್ತಿ ಜಡಿಮಳೆ. ಒಣಗಲೇ ಇಲ್ಲ, ಹುಳಿ ವಾಸನೆ ಬಂದು ಎಸೆಯಬೇಕಾಯಿತು. ಆಮೇಲೆ ಮಗನ ಹಳೆ ಕ್ಯಾಪಿನ ಮುಂದಿನ ತುದಿ ಕತ್ತರಿಸಿ ಅದನ್ನೇ ತಳ ಮಾಡಿಕೊಂಡೆ. ತಲೆಗೆ ಕೂರುವ ಚಿಂತೆಯೇ ಇಲ್ಲ, ಮೊದಲೇ ಅವನ ಅಳತೆಯದು. ಅದರ ಸುತ್ತ ಹಳೆ ಟವೆಲ್ ಸುರುಳಿ ಸುತ್ತಿ ದಪ್ಪ ಕೊಟ್ಟೆ.

ಮೇಲಿನ ಬಟ್ಟೆಗೆ ಜರಿ ಅಂಚಿನ ಬಿಳಿ ಪಂಚೆ ಬೇಕಿತ್ತು. ಅಪ್ಪನ ಪೆಟ್ಟಿಗೆಯಲ್ಲಿ ಮದುವೆಯ ಪಂಚೆ ಇದೆ ಅಂತ ಗೊತ್ತು, ಕೇಳಲು ಬಾಯಿ ಬರಲಿಲ್ಲ. ಅಪ್ಪ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದವರು. ಈಗಲೂ ಪೇಪರ್ ಬಂದ ಕೂಡಲೇ ಮೊದಲು ನೋಡುವುದು ಕೆ.ಆರ್.ಎಸ್, ಅಂದರೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. 124.80 ಅಡಿ ತುಂಬಿದ ದಿನ ಮನೆಯಲ್ಲಿ ಪಾಯಸ. ಕೊನೆಗೆ ವಿಷಯ ಹೇಳಿದಾಗ ಅಪ್ಪ ತಾವೇ ತೆಗೆದುಕೊಟ್ಟರು. "ನಡುವೆ ಹರಿದೋಗದೆ ಕಣವ್ವ, ಅಂಚು ಗಟ್ಯಾಗದೆ. ಅವರ ಪೇಟಕ್ಕಲ್ವಾ, ತಕೋ" ಅಂದರು.

ನಿಜ, ಪಂಚೆ ಹರಿಯುವುದು ನಡುವೆಯೇ, ಅಂಚು ಗಟ್ಟಿಯಾಗಿ ಉಳಿಯುತ್ತದೆ. ಹರಿಯದ ಭಾಗದಲ್ಲಿ 4 ಇಂಚಿನ ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿ, ಎರಡು ಮಡಿಕೆ ಮಾಡಿ, ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಿ, ಪ್ರತಿ ಸುತ್ತನ್ನೂ ಕೈಯಲ್ಲೇ ಹೊಲಿದೆ. ಓರೆ ಪಟ್ಟಿ ತಲೆಯ ದುಂಡಿಗೆ ಸುಕ್ಕಿಲ್ಲದೆ ಬಾಗುತ್ತದೆ. ಅಂಚು ಬಾಗುವುದಿಲ್ಲ, ಅದಕ್ಕೆ ಅದನ್ನು ಕೊನೆಗೆ ಉಳಿಸಿಕೊಂಡು, ಹಿಂದಿನ ಬದಿಗೆ ಸಣ್ಣ ಸಣ್ಣ ನೆರಿಗೆ ಕೊಟ್ಟು, ಫೋಟೊ ಎದುರಿಗಿಟ್ಟುಕೊಂಡು ಕೂರಿಸಿದೆ. ಒಳಗೆ ಬೆವರು ಹೀರಲು ಹಳೆ ಬನಿಯನ್ ಪಟ್ಟಿ. ಇದನ್ನು ಬಿಡಬೇಡಿ, ಮಕ್ಕಳು ಪೇಟ ಕಿತ್ತು ಹಾಕುವುದು ಹಣೆ ಕೆರೆಯುವುದಕ್ಕೇ.

ಮೂರು ದಿನ ಮೊದಲೇ ಪೂರ್ತಿ ವೇಷ ಹಾಕಿಸಿ ಅರ್ಧ ಗಂಟೆ ಮನೆಯಲ್ಲಿ ಓಡಾಡಿಸಿದೆ. ಕೈ ಎತ್ತಿದಾಗ ಕೋಟು ಮೇಲೇರುತ್ತಿತ್ತು, ಕಂಕುಳ ಕೆಳಗೆ ಜಾಸ್ತಿ ಹಿಡಿದಿದ್ದೆ. ಅರ್ಧ ಇಂಚು ಬಿಟ್ಟಮೇಲೆ ಸರಿಹೋಯಿತು. ಅವತ್ತು ಸ್ಟೇಜಿನ ಮೇಲೆ ಮಗ ಕೈ ಕಟ್ಟಿಕೊಂಡು ನೆಟ್ಟಗೆ ನಿಂತು, 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು, 1912ರಲ್ಲಿ ತಾನು ದಿವಾನನಾಗಿದ್ದು, 1955ರಲ್ಲಿ ಭಾರತ ರತ್ನ ಬಂದಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದ. ಒಂದು ಸಲವೂ ಬಟ್ಟೆ ಮುಟ್ಟಿಕೊಳ್ಳಲಿಲ್ಲ. ಮೊದಲ ಸಾಲಿನಲ್ಲಿ ಅಪ್ಪ ಕೂತಿದ್ದರು.

ಟಿಚ್ ಬಟನ್, ಎಲಾಸ್ಟಿಕ್, ದಾರ ಸೇರಿ ಒಟ್ಟು ಖರ್ಚು 210 ರೂಪಾಯಿ. ಕೋಟಿನ ತೋಳನ್ನು ಕತ್ತರಿಸದೆ ಎರಡೂವರೆ ಇಂಚು ಒಳಗೆ ಮಡಿಸಿ ಹೊಲಿದಿದ್ದೇನೆ, ಇನ್ನೆರಡು ವರ್ಷ ಬಿಚ್ಚಿ ಬಿಚ್ಚಿ ಹಾಕಬಹುದು. ಪೇಟದ ಒಳಗೆ ಪೇಪರ್ ತುಂಬಿ, ನಾಲ್ಕು ಲವಂಗ ಹಾಕಿ, ಅಪ್ಪನ ಪೆಟ್ಟಿಗೆಯಲ್ಲಿ ಪಂಚೆ ಇದ್ದ ಜಾಗದಲ್ಲೇ ಇಟ್ಟಿದ್ದೇನೆ.