ಅರೆಮಲೆನಾಡಿನ ಬಿಸಿಲು ಜಾಗಕ್ಕೆ ಯಾವ ಮರ?

ಶಿವಮೊಗ್ಗದ ಸುತ್ತಮುತ್ತ, ಶಿಕಾರಿಪುರ, ಭದ್ರಾವತಿಯ ಮೂಡಣ ಬದಿಯಲ್ಲಿ ನೆಟ್ಟ ಗಿಡಕ್ಕೆ ವರ್ಷಕ್ಕೆ ಎರಡು ಗಂಡಾಂತರ. ಜುಲೈನಲ್ಲಿ ಬುಡಕ್ಕೆ ನೀರು ನಿಂತು ಬೇರು ಕೊಳೆಯುತ್ತದೆ. ಅದರಿಂದ ಪಾರಾದದ್ದು ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ಆಗುಂಬೆಯ ಮಳೆ ನೆನೆದು ಇಡೀ ಜಿಲ್ಲೆ ತಂಪು ಎಂದುಕೊಂಡು ಬೋಳು ದಿಣ್ಣೆಗೆ ಸಂಪಿಗೆ, ಸುರಹೊನ್ನೆ ತಂದು ನೆಟ್ಟರೆ ಎರಡನೇ ಬೇಸಿಗೆಗೆ ಉಳಿಯುವುದು ಕಡ್ಡಿ ಮಾತ್ರ. ಇಲ್ಲಿಗೆ ಬೇಕಿರುವುದು ನಿಂತ ನೀರನ್ನೂ ಬಿಸಿಲನ್ನೂ ತಡೆಯುವ ಮರ.

ನರ್ಸರಿಗೆ ಹೋಗುವ ಮೊದಲು ಎರಡಡಿ ಆಳದ ಗುಂಡಿಯೊಂದನ್ನು ತೆಗೆದು, ಬಾಯಿ ಮಟ್ಟ ನೀರು ತುಂಬಿ ಬಿಡಿ. ಮಾರನೇ ದಿನವೂ ನೀರು ಇಂಗದಿದ್ದರೆ ಕೆಳಗೆ ಜೇಡಿ ಅಥವಾ ಗಟ್ಟಿ ಜಂಬಿಟ್ಟಿಗೆ ಇದೆ ಎಂದರ್ಥ. ಅಂಥ ಜಾಗಕ್ಕೆ ಬೇವು, ಹೊನ್ನೆ, ಹಲಸು, ಶ್ರೀಗಂಧ ಬೇಡವೇ ಬೇಡ. ಹೊಂಗೆ, ನೇರಳೆ, ಮತ್ತಿ ಹಾಕಿ. ನೀರು ಚೆನ್ನಾಗಿ ಇಂಗುವ ಕೆಮ್ಮಣ್ಣಾದರೆ ಆಯ್ಕೆ ದೊಡ್ಡದು: ಬೇವು, ಹೊನ್ನೆ, ತಾರೆ, ನೆಲ್ಲಿ, ಹುಣಸೆ, ಬಾಗೆ, ಕಕ್ಕೆ. ಕಲ್ಲು ಮುರದ ಇಳಿಜಾರಿಗೆ ಸೀತಾಫಲ, ಗೇರು ಸಾಕು. ಅಲ್ಲಿ ದೊಡ್ಡ ಮರದ ಆಸೆ ಪಡಬೇಡಿ.

ಹೆಚ್ಚಿನವರು ಮರೆಯುವ ಪ್ರಶ್ನೆ ಇನ್ನೊಂದಿದೆ. ನೆರಳು ಬೇಕಾದ ಹೊತ್ತಿಗೆ ಮರದಲ್ಲಿ ಎಲೆ ಇರುತ್ತದೆಯೇ? ತೇಗ ಬೇಸಿಗೆಯುದ್ದಕ್ಕೂ ಬೋಳು. ಮತ್ತಿ, ಬಾಗೆಯೂ ಕಡು ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ನಿಲ್ಲುತ್ತವೆ. ಹೊಂಗೆ, ಬೇವು ಎಲೆ ಕಳಚಿ ಯುಗಾದಿ ಹೊತ್ತಿಗೆ ಹೊಸ ಚಿಗುರು ಹೊತ್ತಿರುತ್ತವೆ. ನೇರಳೆ, ಮಾವು, ಹುಣಸೆ ಪೂರ್ತಿ ಬೋಳಾಗುವುದು ಅಪರೂಪ. ಮನೆ, ಕೊಟ್ಟಿಗೆಯ ನೆರಳಿಗೆ ಒಂದೇ ಮರ ಹಾಕುವುದಾದರೆ ನಮ್ಮ ಮತ ಹೊಂಗೆಗೆ. ಎರಡೂ ಗಂಡಾಂತರ ತಡೆಯುತ್ತದೆ, ದನ ಅದಕ್ಕೆ ಬಾಯಿ ಹಾಕುವುದೂ ಕಡಿಮೆ. ಗದ್ದೆ ಒಡೆದು ಹೊಸದಾಗಿ ಅಡಿಕೆ ಹಾಕಿದವರಿಗೂ ಇದೇ ಮಾತು. ಅಡಿಕೆ ಕಾಂಡ ಸುಡುವುದು ತೆಂಕಣ, ಪಡುವಣ ಬಿಸಿಲಿಗೆ, ಆದ್ದರಿಂದ ಮರದ ಸಾಲು ಆ ಎರಡು ಅಂಚಿಗೆ ಬರಬೇಕು, ಮೂಡಣಕ್ಕಲ್ಲ.

ಅಂತರ: ಹೊಂಗೆಗೆ 15 ಅಡಿ, ನೇರಳೆಗೆ 25, ಹುಣಸೆ, ಮಾವಿಗೆ 30. ಆಲ, ಗೋಣಿ, ಬಸರಿಯನ್ನು ಮನೆಯ ಪಾಯ, ಬಾವಿ ಕಟ್ಟೆಯಿಂದ 50 ಅಡಿ ದೂರವಿಡಿ. ಹುಣಸೆಯ ಬುಡದಲ್ಲಿ ಬೇರೆ ಬೆಳೆ ಏಳುವುದಿಲ್ಲ, ಅದು ಮೂಲೆಗೇ ಸರಿ.

ಎತ್ತರದ ಸಸಿ ಕಂಡು ಮರುಳಾಗಬೇಡಿ. ಆರಡಿ ಸಸಿಯ ಬೇರು ಸಣ್ಣ ಪ್ಲಾಸ್ಟಿಕ್ ತೊಟ್ಟೆಯೊಳಗೆ ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಸುತ್ತುತ್ತಲೇ ಇರುತ್ತದೆ, ಆಳಕ್ಕಿಳಿಯುವುದಿಲ್ಲ. ಮೂರು ನಾಲ್ಕು ವರ್ಷಕ್ಕೆ ಗಾಳಿಗೆ ಬುಡಮೇಲಾಗುವುದು ಇಂಥವೇ. ಎರಡಡಿ ಎತ್ತರ, ಪೆನ್ಸಿಲ್ ದಪ್ಪದ ಕಾಂಡ ಸಾಕು. ತೊಟ್ಟೆಯ ತಳದಿಂದ ದಪ್ಪ ಬೇರು ಹೊರಟು ನೆಲಕ್ಕೆ ಕಚ್ಚಿದ್ದರೆ ಆ ಸಸಿ ಬಿಟ್ಟುಬಿಡಿ. ಶ್ರೀಗಂಧಕ್ಕೆ ಜೊತೆಗಿಡ ಬೇಕೇ ಬೇಕು, ಅದು ಬೇರಿನಿಂದ ಬೇರೆ ಗಿಡದ ಸಾರ ಹೀರಿ ಬದುಕುವ ಮರ. ಪಕ್ಕದಲ್ಲೇ ತೊಗರಿ ಬಿತ್ತಿ, ಸ್ವಲ್ಪ ದೂರದಲ್ಲಿ ಹೊಂಗೆ ಇರಲಿ.

ಗುಂಡಿಯನ್ನು ಏಪ್ರಿಲ್‌ನಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು: ಉದ್ದ, ಅಗಲ, ಆಳ ಎರಡೆರಡು ಅಡಿ. ಮೇಲಿನ ಒಂದಡಿ ಮಣ್ಣು ಒಂದು ಬದಿಗೆ, ಕೆಳಗಿನದು ಇನ್ನೊಂದು ಬದಿಗೆ ಹಾಕಿ. ಜಂಬಿಟ್ಟಿಗೆ ಸಿಕ್ಕಿದರೆ ತಳವನ್ನು ಹಾರೆಯಿಂದ ಇನ್ನೂ ಒಂದಡಿ ಒಡೆಯಿರಿ. ಹಾಗೇ ಬಿಟ್ಟರೆ ಗುಂಡಿ ಬಾನಿಯಂತಾಗಿ ಮಳೆನೀರು ಹಿಡಿದುಕೊಳ್ಳುತ್ತದೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಗಿಡ ಹಳದಿಯೇ. ತುಂಬುವಾಗ ಮೇಲ್ಮಣ್ಣು ತಳಕ್ಕೆ ಹೋಗಬೇಕು. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಕಾಲು ಕಿಲೋ ಬೆರೆಸಿ. ಹಸಿ ಸಗಣಿ, ಅರೆ ಕೊಳೆತ ಸೊಪ್ಪು ಹಾಕಿದರೆ ಬೇಸಿಗೆಯಲ್ಲಿ ಗೆದ್ದಲಿಗೆ ನೀವೇ ಊಟ ಬಡಿಸಿದ ಹಾಗೆ.

ನೆಡುವುದು ಜೂನಿನ ಮಿರ್ಗದ (ಮೃಗಶಿರಾ) ಮಳೆ ಹಿಡಿದು, ನೆಲ ಒಂದೂವರೆ ಅಡಿ ನೆನೆದ ಮೇಲೆ. ಅದರ ಮುಂದಿನ ಆರಿದ್ರೆ ಮಳೆಯೊಳಗೆ ಮುಗಿಸಿದರೆ ಬೇರಿಗೆ ನಾಲ್ಕು ತಿಂಗಳ ತೇವ ಸಿಗುತ್ತದೆ. ಪ್ಲಾಸ್ಟಿಕ್ ತೊಟ್ಟೆಯನ್ನು ಪೂರ್ತಿ ಸೀಳಿ ತೆಗೆಯಿರಿ. ತೊಟ್ಟೆಯ ಮಣ್ಣಿನ ಮಟ್ಟವೂ ನೆಲದ ಮಟ್ಟವೂ ಒಂದೇ ಇರಲಿ. ಮಳೆಗಾಲದಲ್ಲಿ ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಿ, ನವೆಂಬರಿನಲ್ಲಿ ಅದನ್ನೇ ಬಿಡಿಸಿ ಮೂರಡಿ ಅಗಲದ ಪಾತಿ ಮಾಡಿ. ಇಳಿಜಾರಾದರೆ ಕೆಳಬದಿಗೆ ಅರ್ಧಚಂದ್ರದ ಬದು ಹಾಕಿ.

ನೀರು ಮೊದಲ ಎರಡು ಬೇಸಿಗೆ ಕೊಟ್ಟರೆ ಸಾಕು. ಡಿಸೆಂಬರಿನಿಂದ ವಾರಕ್ಕೊಮ್ಮೆ 15ರಿಂದ 20 ಲೀಟರ್, ನಿಧಾನವಾಗಿ. ದಿನಾ ಒಂದು ಚೊಂಬು ಹೊಯ್ದರೆ ಬೇರು ಮೇಲೆಯೇ ಹರಡಿಕೊಂಡು, ನೀವು ನಾಲ್ಕು ದಿನ ಊರಿಗೆ ಹೋದಾಗ ಗಿಡ ಬಾಡುತ್ತದೆ. ಪಾತಿಗೆ ನಾಲ್ಕು ಬೆರಳು ದಪ್ಪ ದರಗು (ಉದುರಿದ ಒಣ ಎಲೆ) ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಸುತ್ತಲಿನ ಒಣಹುಲ್ಲನ್ನು ಮಾತ್ರ ಜನವರಿಯಲ್ಲೇ ಆರಡಿ ಅಗಲಕ್ಕೆ ಕೆರೆಸಿಬಿಡಿ, ಪಕ್ಕದ ಗುಡ್ಡಕ್ಕೆ ಬಿದ್ದ ಬೆಂಕಿ ಬೇಲಿ ನೋಡಿ ನಿಲ್ಲುವುದಿಲ್ಲ.